ತಗಡಿನಡಿಯ ಗೋಣಿ

ಹೋದ ವರ್ಷ ಯುಗಾದಿ ಕಳೆದ ಮೇಲೆ ದಾಬಸ್‌ಪೇಟೆಯ ನಮ್ಮ ಟಿಂಕರಿಂಗ್ ಶೆಡ್ಡಿಗೆ ಒಂದು ಹಳೇ ಮಿಲಿಟರಿ ಲಾರಿ ಬಂತು. ತಾನಾಗಿ ಓಡುವ ಸ್ಥಿತಿ ಅದಕ್ಕಿರಲಿಲ್ಲ, ಕ್ರೇನಿಗೆ ಕಟ್ಟಿ ಎಳೆದು ತಂದರು. ಆವತಿ ಹತ್ತಿರ ಇಟ್ಟಿಗೆ ಗೂಡಿನ ಪಕ್ಕ ಇಪ್ಪತ್ತು ವರ್ಷದ ಮೇಲೆ ಬಿದ್ದಿತ್ತಂತೆ. ಬೆಂಗಳೂರಿನ ಒಬ್ಬರು ಅದನ್ನು ಕೊಂಡು, ಮಿಲಿಟರಿಯಲ್ಲಿದ್ದಾಗ ಹೇಗಿತ್ತೋ ಹಾಗೇ ಮಾಡಿಕೊಡಿ ಎಂದರು. ಇಂಜಿನ್ ಕೆಲಸ ಬೇರೆಯವರದು, ತಗಡಿನ ಕೆಲಸ ನಮ್ಮದು. ಡ್ರೈವರ್ ಕೂರುವ ಕಡೆ ಫ್ಲೋರು ತುಕ್ಕು ಹಿಡಿದು ಹಪ್ಪಳದ ಹಾಗಾಗಿತ್ತು. ಅದನ್ನೆಲ್ಲ ಕತ್ತರಿಸಿ ತೆಗೆದು ಹೊಸ ಶೀಟು ಬೆಸೆಯಬೇಕಿತ್ತು.

ಈ ಕೆಲಸ ನನ್ನ ಗಂಡನದು. ಅವರು ತೀರಿಕೊಂಡ ಮೇಲೆ ಮಗ ರಮೇಶ ಮಾಡುತ್ತಾನೆ. ನನಗೆ ಎಪ್ಪತ್ತು ದಾಟಿದೆ. ಸುಮ್ಮನೆ ಕೂತರೆ ಸೊಂಟ ಹಿಡಿಯುತ್ತದೆ ಎಂದು ವೈರ್ ಬ್ರಷ್ ಹಿಡಿದು ತುಕ್ಕು ಉಜ್ಜುತ್ತಿರುತ್ತೇನೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಬರೆದದ್ದರಲ್ಲಿ ತಪ್ಪಿದ್ದರೆ ನೀವೇ ಸರಿಮಾಡಿಕೊಳ್ಳಿ.

ಲಾರಿ ಕೊಂಡವರು ಎರಡನೇ ದಿನ ಒಬ್ಬ ಮುದುಕರನ್ನು ಕಾರಿನಲ್ಲಿ ಕರೆತಂದರು. ನಮ್ಮ ಸೀಮೆಯದೇ ಆದ ಮಧುರೆ ಊರಿನ ನಂಜಪ್ಪ. ಮಿಲಿಟರಿಯವರು ಹರಾಜು ಹಾಕಿದ ಮೇಲೆ ಆ ಲಾರಿಯನ್ನು ಅವರೂರಿನ ಸಾಹುಕಾರರೊಬ್ಬರು ಕೊಂಡಿದ್ದರು. ಅದಕ್ಕೆ ಕೊನೆಗೆ ಡ್ರೈವರ್ ಆಗಿದ್ದವರು ಇವರು. ಯಾವುದು ಎಲ್ಲಿತ್ತು ಎಂದು ತೋರಿಸಲಿ ಎಂದು ಕರೆಸಿದ್ದು. ಬಲಗಾಲು ಮಂಡಿಯ ಕೆಳಗೆ ಸೊಟ್ಟ, ಕೈಯಲ್ಲಿ ಕೋಲು. ಬಂದವರು ಲಾರಿಯನ್ನು ಮುಟ್ಟದೆ ದೂರವೇ ನಿಂತರು.

“ಏನ್ ತಾತ, ಬಿಟ್ಟೋದ ಹೆಂಡ್ತಿನ ನೋಡ್ದಂಗೆ ನೋಡ್ತಿದ್ದೀರಾ?” ಎಂದ ರಮೇಶ.

“ಹೆಂಡ್ತಿ ಆಗಿದ್ರೆ ವಾಸಿ ಕಣಪ್ಪ, ಬೈದು ಸುಮ್ನಾಗೋಳು. ಇದು ಕಾಲೇ ಮುರೀತು.”

ರಮೇಶ ಉಳಿ ಇಟ್ಟು ಫ್ಲೋರಿನ ಮೇಲಿನ ತಗಡಿನ ರಿವೆಟ್ ಬಿಡಿಸುತ್ತಿದ್ದ. ನಂಜಪ್ಪ ಕಟ್ಟೆ ಮೇಲೆ ಕೂತು ಹೇಳಿದರು. ರಾಗಿ ಮೂಟೆ ಹೇರಿಕೊಂಡು ಕೆರೆ ಏರಿ ಮೇಲೆ ಬರುತ್ತಿದ್ದರಂತೆ. ಎಮ್ಮೆ ಅಡ್ಡ ಬಂತು. ಬ್ರೇಕ್ ಒತ್ತಿದ ಏಟಿಗೆ ಹಿಮ್ಮಡಿಯ ಕೆಳಗಿನ ಫ್ಲೋರು ಒಡೆದು ಕಾಲು ಕೆಳಕ್ಕೆ ಹೋಯಿತು. ಸಿಕ್ಕಿಕೊಂಡ ಕಾಲು ತೆಗೆಯುವಷ್ಟರಲ್ಲಿ ಲಾರಿ ಏರಿಯಿಂದ ಕೆಳಕ್ಕಿಳಿದು ಬೇವಿನ ಮರಕ್ಕೆ ಗುದ್ದಿತು.

“ಫ್ಲೋರು ಒಡೀತು ಅಂದೆ. ಯಾರೂ ನಂಬ್ಲಿಲ್ಲ. ಮೂರ್ ವರ್ಷದ ಹಿಂದೆ ತಾನೇ ಹೊಸ ಫ್ಲೋರು ಹಾಕ್ಸಿದ್ದೀವಿ, ತೂತು ಬಿದ್ದಿರೋದು ಗುದ್ದಿದ ಏಟ್ಗೆ, ನೀನು ಕುಡಿದಿದ್ದೆ ಅಂದ್ರು. ಸಾಹುಕಾರ್ರು ನೆಲಮಂಗಲದ ಟಿಂಕರ್ ಹತ್ರ ಆಳು ಕಳ್ಸಿ ಕೇಳಿದ್ರಂತೆ. ಅವನ ಹೆಂಡ್ತಿ, ನಮ್ಮ ಫ್ಲೋರು ಆನೆ ತುಳಿದ್ರೂ ಜಗ್ಗಲ್ಲ ಹೋಗು ಅಂದ್ಲಂತೆ. ಅಲ್ಲಿಗೆ ನನ್ ಕತೆ ಮುಗೀತು. ಕಾಲು ಕೂಡ್ಕೊಂಡ ಮೇಲೂ ಯಾರೂ ಸ್ಟೇರಿಂಗ್ ಕೊಡ್ಲಿಲ್ಲ.”

ನನ್ನ ಕೈಯ ಬ್ರಷ್ ನಿಂತಿತು. ಆಗ ನಮ್ಮ ಶೆಡ್ಡು ಇದ್ದದ್ದು ನೆಲಮಂಗಲದಲ್ಲಿ. ಹರಾಜಿನ ಮಿಲಿಟರಿ ಲಾರಿಗಳು ಎಷ್ಟೋ ಬರುತ್ತಿದ್ದವು, ಎಲ್ಲ ಒಂದೇ ಥರ. ಇದರ ಗುರುತು ನನಗೆ ಹತ್ತಿರಲಿಲ್ಲ. ಆದರೆ ಯಾರೋ ಒಬ್ಬ ಬಂದು ಫ್ಲೋರು ಗಟ್ಟಿಯಾ ಎಂದು ಕೇಳಿದ್ದು ನೆನಪಿತ್ತು. ಯಾಕೆ ಎಂದು ನಾನು ಕೇಳಲಿಲ್ಲ. ಒಲೆ ಮುಂದಿನಿಂದ ಏಳದೆ ಆ ಮಾತು ಹೇಳಿ ಕಳಿಸಿದ್ದೆ. ನೆಲಮಂಗಲದಲ್ಲಿ ಟಿಂಕರು ನಾವೊಬ್ಬರೇ ಅಲ್ಲವಲ್ಲ ಎಂದುಕೊಂಡೆ.

ಅಷ್ಟರಲ್ಲಿ ತಗಡು ಎದ್ದು ಬಂತು, ಹಿಮ್ಮಡಿ ಊರುವ ಕಡೆ ತೂತು. ಅದರ ಬೆನ್ನಿಗೆ ಡಾಂಬರು ಮೆತ್ತಿದ ಗೋಣಿ ಅಂಟಿಕೊಂಡಿತ್ತು. ಕೆಳಗಿನ ಹಳೇ ಫ್ಲೋರು ಪೂರಾ ಪುಡಿ. ಎರಡು ಪದರ ಗೋಣಿಯನ್ನು ನೀಲಿ ನೈಲಾನ್ ದಾರದಲ್ಲಿ ಹೊಲಿದಿತ್ತು, ಎರಡು ಹೊಲಿಗೆಗೊಂದು ಗಂಟು. ದಬ್ಬಳ ಹಿಡಿದು ಹಾಗೆ ಹೊಲಿಯುವವಳು ನಾನು.

ಇದ್ದದ್ದನ್ನು ಹೇಳಿಬಿಡುತ್ತೇನೆ. ಕೊಳೆತದ್ದನ್ನೆಲ್ಲ ಕತ್ತರಿಸಿಯೇ ಹೊಸದು ಹಾಕಬೇಕು ಎನ್ನುತ್ತಿದ್ದರು ನನ್ನ ಗಂಡ. ಅದಕ್ಕೆ ನಾಲ್ಕೈದು ದಿನ ಬೇಕು. ಮೇಲೊಂದು ತಗಡು ಹೊಡೆದರೆ ಒಂದೇ ದಿನ. ತಗಡು ಗಡಗಡ ಅನ್ನದಿರಲಿ, ಇಂಜಿನ್ ಕಾವು ತಟ್ಟದಿರಲಿ ಎಂದು ಅಡಿಗೆ ಡಾಂಬರು ಮೆತ್ತಿ ಗೋಣಿ ಹಾಸುವ ಉಪಾಯ ನನ್ನದು. ಗಿರಾಕಿಗಳಿಗೆ ಖುಷಿಯೋ ಖುಷಿ. ಗೋಣಿ ಮಳೆ ನೀರು ಹಿಡಿದಿಟ್ಟುಕೊಂಡು ಹೊಸ ತಗಡನ್ನೂ ಅಡಿಯಿಂದ ತಿನ್ನುತ್ತದೆ ಎಂದು ನನ್ನ ಗಂಡ ಎಚ್ಚರಿಸಿದ್ದರು. “ತಿನ್ನೋ ಹೊತ್ಗೆ ಲಾರಿ ಎಲ್ಲಿರುತ್ತೋ, ನಾವೆಲ್ಲಿರ್ತೀವೋ” ಎಂದು ನಾನು ಬಾಯಿ ಮುಚ್ಚಿಸಿದ್ದೆ.

ರಮೇಶ ನನ್ನ ಮುಖ ನೋಡಿದ. ಅವನ ಶಾಲೆ ಚೀಲಕ್ಕೂ ಅದೇ ಹೊಲಿಗೆ ಹಾಕಿದ್ದೆ. ಲಾರಿ ಹಿಂದಕ್ಕೆ ಕರೆದು, “ಅಮ್ಮ, ಸುಮ್ನಿರು. ಅಪ್ಪನ ಹೆಸ್ರು ಹೋಗುತ್ತೆ” ಎಂದ.

“ನಿಮ್ಮಪ್ಪ ಬ್ಯಾಡ ಅಂದ್ರು ಕಣೋ. ಮಾಡ್ಸಿದ್ದು ನಾನು.”

“ಯಾರೇ ಮಾಡ್ಸಿರ್ಲಿ, ಈಗ್ಯಾಕೆ?”

ಸುಮ್ಮನಿರೋಣ ಎಂದೇ ಇದ್ದೆ. ಮಧ್ಯಾಹ್ನ ಎಲ್ಲರಿಗೂ ಮುದ್ದೆ, ಹುರುಳಿಕಾಳು ಸಾರು ಬಡಿಸಿದೆ. ನಂಜಪ್ಪ ಮುದ್ದೆ ಮುರಿಯುತ್ತಾ, “ನಮ್ಮನೆಯೋಳು ಇವತ್ಗೂ ಬಡಿಸೋಕೆ ಬಗ್ಗಿದಾಗ ನನ್ ಬಾಯಿ ಮೂಸ್ತಾಳೆ” ಎಂದು ನಕ್ಕರು. ರಮೇಶನೂ ನಕ್ಕ. ನನ್ನ ಕೈಲಿ ಆಗಲಿಲ್ಲ. ಸೌಟು ಕೆಳಗಿಟ್ಟು, ಆ ಟಿಂಕರ್ ಹೆಂಡತಿ ನಾನೇ, ಆ ಗೋಣಿ ಹೊಲಿದವಳೂ ನಾನೇ ಎಂದು ಹೇಳಿಬಿಟ್ಟೆ.

ಅವರು ಬಾಯಲ್ಲಿದ್ದ ತುತ್ತು ನುಂಗಿದರು. ತಟ್ಟೆಯಲ್ಲೇ ಕೈ ತೊಳೆದರು. ಬೈಯಲಿ ಎಂದು ನಿಂತಿದ್ದೆ, ಬೈಯಲಿಲ್ಲ.

“ನಂಗ್ಯಾಕೆ ಹೇಳ್ತೀಯಮ್ಮ? ಫ್ಲೋರು ಒಡೆದಿದ್ದು ನಂಗೆ ಅವತ್ತೇ ಗೊತ್ತು. ಗೊತ್ತಿಲ್ದೋಳು ಮನೇಲವ್ಳೆ, ಅವ್ಳಿಗೆ ಹೇಳು.”

ಮಾರನೇ ದಿನ ಆ ತಗಡನ್ನು ಗೋಣಿ ಸಮೇತ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಮಧುರೆಗೆ ಹೋದೆ. ರಮೇಶ ಬರಲಿಲ್ಲ. ನಂಜಪ್ಪನ ಹೆಂಡತಿ ಗಂಗಮ್ಮ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಗಡು ಇಳಿಸಿ, ನಿಂತೇ ಎಲ್ಲ ಹೇಳಿದೆ. ಅವರು ಗೋಣಿಯನ್ನು ಉಗುರಿನಲ್ಲಿ ಕೆರೆದು ನೋಡಿದರು.

“ಇಷ್ಟ್ ವರ್ಷ ಎಲ್ಲಿದ್ದೆ?”

“ನೆಲಮಂಗಲದಲ್ಲಿ. ಆಮೇಲೆ ದಾಬಸ್‌ಪೇಟೆಲಿ.”

“ಅಲ್ಲಿಂದ ಇಲ್ಲಿಗೆ ಬಸ್ಸಿರ್ಲಿಲ್ವಾ?”

ಹೀಗಾದದ್ದು ಗೊತ್ತಿರಲಿಲ್ಲ ಎಂದೆ. ಗೊತ್ತುಮಾಡಿಕೊಳ್ಳಲು ಹೋಗಲಿಲ್ಲ ಎಂಬುದು ಅದಕ್ಕಿಂತ ನಿಜ.

ಗಂಗಮ್ಮ ಜಗುಲಿ ಮೇಲೆ ಕೂತಿದ್ದ ಗಂಡನ ಕಡೆ ತಿರುಗಿದರು. “ನೀನ್ಯಾಕೆ ಅವತ್ತು ಗಟ್ಟಿಯಾಗಿ ಹೇಳ್ಲಿಲ್ಲ?”

“ಹೇಳ್ದೆ ಕಣೆ. ಹೇಳ್ದಾಗೆಲ್ಲ ನೀನು ಎದ್ದು ಒಳಗೋದೆ.”

ಆಮೇಲೆ ಗಂಗಮ್ಮ ಸೆರಗು ಸಿಕ್ಕಿಸಿಕೊಂಡು ತಗಡಿನ ಒಂದು ತುದಿ ಎತ್ತಿದರು. “ಹಿಡ್ಕೊ ಆ ಕಡೆ. ನಂಗೊಬ್ಳಿಗೆ ಹೇಳಿದ್ರೆ ಆಯ್ತಾ? ಊರೆಲ್ಲ ಅಂದಿದ್ದು.”

ಇಬ್ಬರು ಮುದುಕಿಯರು ಆ ತಗಡು ಹಿಡಿದುಕೊಂಡು ಬೀದಿ ಬೀದಿ ತಿರುಗಿದೆವು. ಬಾಗಿಲ ಮುಂದೆ ತಗಡು ತೋರಿಸುವುದು, ಗಂಗಮ್ಮ “ಹೇಳು” ಎನ್ನುವುದು, ನಾನು ಹೇಳುವುದು. ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರಿಗೂ ಹೇಳಿದೆ. “ಈಗಿದ್ನ ತಗೊಂಡು ಏನ್ ಮಾಡಾಣ, ರೊಟ್ಟಿ ಸುಡಾಣ್ವಾ?” ಎಂದಳು ಒಬ್ಬಳು. ಇನ್ನೊಂದು ಮನೆಯವನು, “ಹಂಗಂದೋರು ನಮ್ಮಪ್ಪ, ಸತ್ತು ಎಷ್ಟೋ ವರ್ಷ ಆಯ್ತು” ಎಂದ. “ನೀನು ಕೇಳಿಸ್ಕೊ, ಸಾಕು” ಎಂದರು ಗಂಗಮ್ಮ. ತುಕ್ಕಿನ ಅಂಚು ತಾಗಿ ನನ್ನ ಅಂಗೈ ಕುಯ್ದಿತ್ತು. ಅವರದೂ ಕುಯ್ದಿತ್ತು. ಅವರು ಕೆಳಗಿಡಲಿಲ್ಲ, ನಾನೂ ಇಡಲಿಲ್ಲ.

ಯಾರೂ ನೀರು ಕೊಡಲಿಲ್ಲ. ಗಂಗಮ್ಮನೂ ಕೊಡಲಿಲ್ಲ, ಅದು ಸರಿಯೇ. ಮನಸ್ಸು ಹಗುರವಾಯಿತಾ ಎಂದು ರಮೇಶ ಆಮೇಲೆ ಕೇಳಿದ. ಆಗಲಿಲ್ಲ, ಈಗಲೂ ಆಗಿಲ್ಲ. ಕೂತಲ್ಲಿಂದ ಏಳದೆ ಆಡಿದ ಮಾತನ್ನು ವಾಪಸ್ಸು ತರಲು ಊರೆಲ್ಲ ಸುತ್ತಬೇಕಾಯಿತು, ಸುತ್ತಿದರೂ ಪೂರ್ತಿ ಬರಲಿಲ್ಲ. ಅವರಿಂದ ಹೋದ ವರ್ಷಗಳಂತೂ ಬರುವುದಿಲ್ಲ.

ಒಂದು ಮನೆಗೆ ಹೇಳುವುದು ಉಳಿದಿದೆ. ಆ ಸಾಹುಕಾರರ ಮನೆಗೆ ಬೀಗ ಹಾಕಿತ್ತು. ಮಕ್ಕಳು ಊರು ಬಿಟ್ಟರಂತೆ, ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಅವರ ಕಡೆಯವರು ಯಾರಾದರೂ ಓದಬಹುದು ಎಂದೇ ಇದನ್ನು ಬರೆದೆ. ನಂಜಪ್ಪ ಅವತ್ತು ಕುಡಿದಿರಲಿಲ್ಲ. ಫ್ಲೋರು ಕೊಳೆತಿತ್ತು.