ಮೂವತ್ತೆಂಟು ಪುಸ್ತಕ, ಒಬ್ಬರೇ ಟೀಚರ್

ಬೆಳಗಿನ ಆರಕ್ಕೆ ಹತ್ತು ನಿಮಿಷ. ಕೊಚ್ಚಿಯ ಕಳಮಶ್ಶೇರಿಯ ಖಾಸಗಿ ಆಸ್ಪತ್ರೆಯೊಂದರ ಹೆಂಗಸರ ವಾರ್ಡು. ಮೂರನೇ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ, ಮಂಗಳೂರಿನ ಜಾಯ್ಸ್, ಮುದುಕಿ ಕೌಸಲ್ಯಮ್ಮನ ಮೂಗಿನಿಂದ ಹೊಟ್ಟೆಗೆಂದು ನಳಿಗೆ ಇಳಿಸಿ, ಗಂಜಿತಿಳಿ ತುಂಬಿದ ಸಿರಿಂಜು ಎತ್ತಿದ್ದಾಳೆ. ಮುದುಕಿ ಕೆಮ್ಮುತ್ತಾಳೆ. ನಾಲ್ಕು ಹಾಸಿಗೆಯಾಚೆ ಇದ್ದ ಬೋಧಕಿ ಕುಸುಮಾವತಿಯ ಕಿವಿ ನಿಮಿರುತ್ತದೆ.

"ಜಾಯ್ಸ್, ಕೈ ನಿಲ್ಲಿಸು."

ನಳಿಗೆ ಹೋಗಿರುವುದು ಶ್ವಾಸನಾಳಕ್ಕೆ. ಆ ಗಂಜಿ ಇಳಿದಿದ್ದರೆ ಉಸಿರೇ ಕಟ್ಟುತ್ತಿತ್ತು. ಕುಸುಮಾವತಿ ನಳಿಗೆ ಹೊರಗೆಳೆದು, ಮುದುಕಿಯನ್ನು ಎತ್ತಿ ಕೂರಿಸಿ ಬೆನ್ನು ಸವರುತ್ತಾರೆ. ಉಸಿರು ಹದಕ್ಕೆ ಬಂದ ಮೇಲೆ ಜಾಯ್ಸಳ ಕಲಿಕೆಯ ದಾಖಲೆ ಪುಸ್ತಕ ತೆರೆಯುತ್ತಾರೆ. ಮೂಗಿನ ನಳಿಗೆ ಐದು ಸಲ ಹಾಕಿದ್ದಾಳಂತೆ. ಐದಕ್ಕೂ ಸಹಿ ಇದೆ.

"ನಿಜ ಹೇಳು ಮಾರಾಯ್ತಿ, ಎಷ್ಟು ಸಲ ಹಾಕಿದ್ದಿ?"

"ಇದೇ ಮೊದಲು, ಟೀಚರೇ. ಹೋದ ವರ್ಷ ಆಫೀಸಿನಲ್ಲಿ ಎಲ್ಲರದ್ದೂ ಒಟ್ಟಿಗೆ ಸಹಿ ಮಾಡಿಸಿದ್ರು. ಊಟದ ಹೊತ್ತಿಗೆ ಮುಗಿದಿತ್ತು."

ಕಾಸರಗೋಡಿನ ಕುಸುಮಾವತಿಗೆ ನಲವತ್ತೇಳು. ಹದಿನಾರು ವರ್ಷ ವಾರ್ಡಿನ ನರ್ಸ್, ಈ ಆಸ್ಪತ್ರೆಯ ನರ್ಸಿಂಗ್ ಕಾಲೇಜಿಗೆ ಬೋಧಕಿಯಾಗಿ ಬಂದು ಎಂಟು ತಿಂಗಳು. ಐದೂವರೆಗೆ ಬಂದರೆ ಮಧ್ಯಾಹ್ನ ಎರಡರವರೆಗೆ ಕೂರುವುದಿಲ್ಲ. ನಾಲ್ಕು ವಾರ್ಡು, ಮೂವತ್ತೆಂಟು ಹುಡುಗಿಯರು. "ಬಸ್ಸಿನ ಕಂಡಕ್ಟರಿಗಾದ್ರೂ ಊದ್ಲಿಕ್ಕೆ ಸೀಟಿ ಉಂಟು. ನನ್ನ ಹತ್ರ ಎಂತ ಉಂಟು?" ಎಂದು ನಗುತ್ತಾರೆ.

ನಗುವ ಸಂಗತಿಯಲ್ಲ. ಈ 2006ರಲ್ಲಿ ಅಣಬೆಯಂತೆ ಏಳುತ್ತಿರುವ ಕಾಲೇಜುಗಳಿಗೆ ಗಾಜಿನ ಕಟ್ಟಡ ಬೇಕು, ಬಸ್ಸು ಬೇಕು, ವಿದೇಶದ ಆಸೆ ಹುಟ್ಟಿಸುವ ಜಾಹೀರಾತು ಬೇಕು. ರೋಗಿಯ ಪಕ್ಕ ನಿಂತು ಕೈಹಿಡಿದು ಕಲಿಸುವವರು ಮಾತ್ರ ದಂಡ. ಕಲಿಯದ ಕೈ ಬಡವರ ಮೈಮೇಲೆ ಕಲಿಯಲಿ ಎಂದೇ ಇವರ ಹಿಕಮತ್ತು.

ವಾರ್ಡಿನಲ್ಲಿ ನಡೆಯುವ ಕ್ಲಿನಿಕಲ್ ಬೋಧನೆಯ ಮಾನದಂಡ ಬರೆಯುವ ಸಮಿತಿಯೊಂದು ತಿರುವನಂತಪುರದಲ್ಲಿ ಸೇರುತ್ತದೆಂದು ತಿಳಿದು, ಕಳೆದ ತಿಂಗಳು ಕುಸುಮಾವತಿ ರಜೆ ಹಾಕಿ ಹೊರಟರು. ಅಲ್ಲಿನ ತಂಪಾನೂರು ನಿಲ್ದಾಣದಲ್ಲಿ ರೈಲಿಳಿದು, ಯಾರೂ ಕರೆಯದ ಸಭೆಯ ಬಾಗಿಲಲ್ಲಿ ಮೂರು ತಾಸು ನಿಂತು ತಾವೇ ಬರೆದ ಒಂದು ಹಾಳೆಯ ಕರಡು ಕೊಟ್ಟರು. ಹತ್ತು ವಿದ್ಯಾರ್ಥಿನಿಯರಿಗೆ ಒಬ್ಬ ಬೋಧಕಿ. ಬೋಧಕಿ ವಾರ್ಡಿನಲ್ಲೇ ಇರಬೇಕು. ಕಣ್ಣಾರೆ ಕಾಣದ್ದಕ್ಕೆ ಸಹಿ ಇಲ್ಲ.

"ಇದನ್ನು ಬರೆದರೆ ಅರ್ಧ ಕಾಲೇಜು ಮುಚ್ಚಬೇಕಾಗುತ್ತೆ, ಸಿಸ್ಟರೇ," ಎಂದರು ಸದಸ್ಯರೊಬ್ಬರು.

"ಬರೆಯದಿದ್ದರೆ ಎಷ್ಟು ಹಾಸಿಗೆ ಖಾಲಿಯಾಗ್ತದೆ ಅಂತ ನೋಡಿದ್ದೀರಾ, ಸಾರ್?"

ಆ ಕರಡು ಇನ್ನೂ ಸಮಿತಿಯ ಮುಂದೆಯೇ ಇದೆ. ಇಲ್ಲಿ ಕಾಲೇಜಿಗೆ ನಾಳೆ ತಪಾಸಣೆ. ಪ್ರಾಂಶುಪಾಲೆ ಜಲಜಾ ಅವರ ಮೇಜಿನ ಮೇಲೆ ಈ ವರ್ಷದ ಸಹಿಗೆ ಕಾದಿರುವ ಮೂವತ್ತೆಂಟು ದಾಖಲೆ ಪುಸ್ತಕ.

"ಸಹಿ ಇಲ್ಲದಿದ್ದರೆ ಮಕ್ಕಳು ಪರೀಕ್ಷೆಗೆ ಕೂರುವ ಹಾಗಿಲ್ಲ, ಕುಸುಮಾ. ಸಂಜೆಯೊಳಗೆ ಆಗದಿದ್ದರೆ ನಿಮ್ಮನ್ನು ಕೆಲಸದಿಂದ ತೆಗೆಯಲಿಕ್ಕೆ ಮೇಲಿನಿಂದ ಹೇಳಿದ್ದಾರೆ."

ಸಹಿ ಹಾಕುತ್ತಿಲ್ಲವೆಂದು ಕುಸುಮಾವತಿಯ ಮೇಲೆ ಮಕ್ಕಳಿಗೂ ಸಿಟ್ಟು. ಅರ್ಧ ತರಗತಿ ಅವರೊಡನೆ ಮಾತು ಬಿಟ್ಟಿದೆ. "ಎರಡು ತಿಂಗಳು, ಇನ್ನೂ ಮೂವರು ಬೋಧಕಿಯರನ್ನು ಕೊಡಿ. ಎಲ್ಲವನ್ನೂ ಮಾಡಿಸಿಯೇ ಸಹಿ ಹಾಕ್ತೇನೆ," ಎನ್ನುತ್ತಾರೆ.

"ಅದು ಆಗುವ ಮಾತಲ್ಲ."

ಕುಸುಮಾವತಿ ಕುರ್ಚಿ ಎಳೆದುಕೊಳ್ಳುತ್ತಾರೆ. ಒಂದೊಂದೇ ಪುಸ್ತಕ ತೆರೆದು, ತಾವು ನಿಂತು ನೋಡಿದ್ದಕ್ಕೆ ಮಾತ್ರ ಸಹಿ ಹಾಕುತ್ತಾರೆ. ಉಳಿದ ಜಾಗದಲ್ಲಿ 'ಮಾಡಿಲ್ಲ' ಎಂದು ಬರೆಯುತ್ತಾರೆ. ಮೂವತ್ತೆಂಟನೆಯದನ್ನು ಮುಚ್ಚಿ ಜಲಜಾ ಅವರ ಕಡೆ ಸರಿಸುತ್ತಾರೆ.

"ನನ್ನನ್ನು ತೆಗೆಯುವುದಾದ್ರೆ ಕಾರಣ ಬರೆದು ಕೊಡಿ ಮೇಡಂ, ನೋಡದೆ ಸಹಿ ಹಾಕ್ಲಿಲ್ಲ ಅಂತ. ತಿರುವನಂತಪುರದ ಸಮಿತಿಗೆ ಕೊಟ್ಟ ಕರಡಿನ ಜೊತೆ ಲಗತ್ತಿಸ್ಲಿಕ್ಕೆ ಬೇಕು."