ಗರಸು ನೆಲದಲ್ಲಿ ಅವ್ವ

ನಾನು ಸೊಸೆಯಾಗಿ ಬಂದು ಸೇರಿದ ಈ ಐಮಂಗಲದ ಕಡೆಯದು ಎರೆ ಭೂಮಿ. ಇಲ್ಲಿ ಮೊದಲ ಮಳೆ ಬಿದ್ದರೆ ಕಪ್ಪು ನೆಲ ಬಹಳ ದಿನ ಮುಚ್ಚಿಟ್ಟ ಕಣಜದ ಬಾಯಿ ತೆರೆದ ಹಾಗೆ ದಟ್ಟವಾದ ವಾಸನೆ ಬಿಡುತ್ತದೆ. ಅದು ಎರಡು ದಿನ ಅಂಗಳದಲ್ಲೇ ಬಿದ್ದುಕೊಂಡಿರುತ್ತದೆ. ಆದರೆ ಕೆಲವು ವರ್ಷ ಮುಂಗಾರಿನ ಗಾಳಿ ದುರ್ಗದ ಗುಡ್ಡಗಳ ಮೇಲಿಂದ ಬೀಸಿದಾಗ ಬೇರೆಯೇ ಒಂದು ವಾಸನೆ ಬರುತ್ತದೆ. ಕಾದ ಹಂಚಿಗೆ ನೀರು ಚಿಮುಕಿಸಿದರೆ ಏಳುವಂಥದ್ದು, ಒಣಗಿದ್ದು, ಚುರುಕಾದದ್ದು, ಮೂಗಿನ ತುದಿಗೆ ತಾಗುವಷ್ಟರಲ್ಲಿ ಮುಗಿದೇ ಹೋಗುವಂಥದ್ದು. ಅದು ಗರಸು ಮಣ್ಣಿನ ವಾಸನೆ. ಬಂದಾಗ ನನ್ನ ಕೈಯ ಕೆಲಸ ನಿಂತುಬಿಡುತ್ತದೆ. ಮನೆಯಲ್ಲಿ ಮತ್ತೆ ಯಾರಿಗೂ ಅದು ಬಂದಿರುವುದಿಲ್ಲ. “ಏನು ಮೂಸ್ತೀಯ ಅಜ್ಜಿ?” ಎಂದು ಮೊಮ್ಮಕ್ಕಳು ನಗುತ್ತಾರೆ. ಒಂದು ನೆಲದಲ್ಲಿ ಹುಟ್ಟಿ ಇನ್ನೊಂದು ನೆಲದಲ್ಲಿ ಮುಪ್ಪಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಊರು ಮದಕರಿಪುರದಿಂದ ಗುಡ್ಡದ ಕಡೆಗೆ ಹೋದರೆ ಸಿಗುತ್ತಿತ್ತು. ಊರಿನ ಹಿಂದೆಯೇ ಗುಡ್ಡದ ಓರೆ ಏರುತ್ತಿತ್ತು, ಓರೆಯ ಮೇಲೆ ಬಂಡೆಗಳು. ಆ ಬಂಡೆಗಳು ಗಟ್ಟಿ ಎಂದು ದೂರದಿಂದ ನೋಡಿದವರಿಗೆ ಅನ್ನಿಸುತ್ತದೆ. ಹತ್ತಿರ ಹೋದರೆ ಅವು ಈರುಳ್ಳಿಯ ಹಾಗೆ ಸಿಪ್ಪೆ ಬಿಡುತ್ತಿದ್ದವು. ಬಿಸಿಲಿಗೆ ಕಾದು, ಮಳೆಗೆ ನೆನೆದು, ಪದರ ಪದರವಾಗಿ ಕಳಚಿ, ಬುಡಕ್ಕೆ ಬಿದ್ದು ನುಚ್ಚಾಗಿ, ಆ ನುಚ್ಚೇ, ಆ ಗರಸೇ, ಓರೆಯ ಉದ್ದಕ್ಕೂ ಹರಡಿಕೊಂಡು ನಮ್ಮ ಹೊಲವಾಗಿತ್ತು. ಕೆಂಪು ಬಣ್ಣ, ನಡುವೆ ಬಿಳಿಯ ಬೆಣಚುಕಲ್ಲಿನ ಚೂರು, ಬಿಸಿಲಿಗೆ ಮಿರುಗುವ ಕಾಗೆಬಂಗಾರ. ಬರಿಗಾಲಲ್ಲಿ ನಡೆದರೆ ಅಂಗಾಲು ಚುರುಚುರು ಎನ್ನುತ್ತಿತ್ತು. ಎಷ್ಟು ಮಳೆ ಬಂದರೂ ನೀರು ನಿಲ್ಲದ ನೆಲ ಅದು. ಹುರುಳಿ, ಸಾವೆ, ಅಂಚಿಗೆ ಹರಳು ಬಿಟ್ಟರೆ ಬೇರೇನನ್ನೂ ಕೊಡುತ್ತಿರಲಿಲ್ಲ.

ಮನೆಯಲ್ಲಿ ಇದ್ದವರು ಅಪ್ಪ, ಅವ್ವ, ನಿಂಗತ್ತೆ ಮತ್ತು ನಾನು. ನಿಂಗತ್ತೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಹೋಗಿ ಹೊಳಲ್ಕೆರೆಯ ಕಡೆಯಿಂದ ತವರಿಗೆ ಮರಳಿದ್ದಳು. ಎತ್ತರದ ಹೆಂಗಸು, ದೊಡ್ಡ ಕೈಗಳು. ಅವ್ವ ಸಣ್ಣ ಮೈಯವಳು, ಮಾತು ಮಾತ್ರ ಹರಿತ. ನಾನು ಇನ್ನೂ ತೊಟ್ಟಿಲಲ್ಲಿದ್ದಾಗ ಒಂದು ದಿನ ತುಪ್ಪದ ಗಡಿಗೆ ಒಡೆಯಿತಂತೆ. ಯಾರ ಕೈಯಿಂದ ಎನ್ನುವುದು ನನಗೆ ಎಂದೂ ಸರಿಯಾಗಿ ತಿಳಿಯಲಿಲ್ಲ. ಸಿಟ್ಟಿನಲ್ಲಿ ಅವ್ವ, “ಗಂಡನ ಮನೆ ಮಣ್ಣೂ ದಕ್ಕಲಿಲ್ಲ, ತವರುಮನೆ ಮಣ್ಣೂ ನಿನಗೆ ದಕ್ಕಲ್ಲ” ಎಂದುಬಿಟ್ಟಳು. ಆ ಮಾತಿನ ಮೇಲೆ ಅತ್ತೆ ಅವಳೊಂದಿಗೆ ಮಾತು ಬಿಟ್ಟಳು. ಅವ್ವನೂ ಹಟ ಹಿಡಿದಳು. ಒಂದೇ ಒಲೆ, ಒಂದೇ ಒರಳು. ಒಬ್ಬಳು ರುಬ್ಬಿದ್ದನ್ನು ಇನ್ನೊಬ್ಬಳು ಬೇಯಿಸುತ್ತಿದ್ದಳು, ಆದರೆ ಮಾತೆಲ್ಲ ನನ್ನ ಮೂಲಕ. “ಗೌರಿ, ನಿಮ್ಮವ್ವಗೆ ಹೇಳು, ಎಮ್ಮೆಗೆ ನೀರು ಕುಡಿಸಾಗೈತೆ ಅಂತ.” “ನಿಮ್ಮತ್ತೆಗೆ ಹೇಳೇ, ಮುದ್ದೆ ಆರ್ತೈತೆ, ಉಣ್ಣಾಕೆ ಬರ್ಲಿ.” ಇಬ್ಬರೂ ಒಂದೇ ಕೋಣೆಯಲ್ಲಿ ಇರುತ್ತಿದ್ದರು. ನಾನು ಇತ್ತ ತಿರುಗಿ ಒಮ್ಮೆ, ಅತ್ತ ತಿರುಗಿ ಒಮ್ಮೆ ಹೇಳುತ್ತಿದ್ದೆ. ಎಲ್ಲರ ಮನೆಗಳಲ್ಲೂ ಹೀಗೆಯೇ ಇರುತ್ತದೆ ಎಂದು ನಾನು ತಿಳಿದಿದ್ದೆ.

ಆಮೇಲೆ ಪಿಳೇಗು ಬಂತು. ಮೊದಲು ದುರ್ಗದ ಪೇಟೆಯಲ್ಲಿ ಎಂದರು, ಆಮೇಲೆ ಪಕ್ಕದೂರಿನಲ್ಲಿ ಎಂದರು. ಒಂದು ಬೆಳಿಗ್ಗೆ ನಮ್ಮ ಅಟ್ಟದಿಂದಲೇ ಇಲಿಯೊಂದು ಬಿದ್ದು, ಅಡಿಗೆಮನೆಯ ನಡುವೆ ಸುತ್ತು ಹಾಕಿ ಸತ್ತಿತು. ಊರು ಬಿಡಬೇಕೆಂದು ತಳವಾರ ತಮಟೆ ಬಾರಿಸಿ ಸಾರಿದ. ಜನ ಮನೆಗಳಿಗೆ ಬೀಗ ಹಾಕಿ ಅವರವರ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. ನಾವೂ ಓರೆಯ ಮೇಲೆ ಹರಳುಕಡ್ಡಿ, ಸೋಗೆ ಹೊದಿಸಿ ಗುಡಿಸಲು ಹಾಕಿದೆವು. ನನಗೆ ಅದು ಹಬ್ಬದ ಹಾಗಿತ್ತು. ನುಚ್ಚುಗಲ್ಲಿನ ಮೇಲೆ ಕಂಬಳಿ ಹಾಸಿ ಮಲಗಿದರೆ ಬೆನ್ನಿಗೆ ಒತ್ತುತ್ತಿತ್ತು. ಬೆಳಿಗ್ಗೆ ಎದ್ದು ನನ್ನ ಮೈಮೇಲಿನ ಗರಸಿನ ಗುರುತುಗಳನ್ನು ನೋಡಿ ಅವ್ವ ನಗುತ್ತಿದ್ದಳು.

ಅವ್ವನಿಗೆ ಜ್ವರ ಬಂದದ್ದು ಅಲ್ಲಿಯೇ. ಕಂಕುಳಲ್ಲಿ ಗಡ್ಡೆ ಎದ್ದಿತು. ಅಪ್ಪ ನನ್ನನ್ನು ಗುಡಿಸಲಿನಿಂದ ಹೊರಗೆ ಹಾಕಿ, ಬಂಡೆಯ ಮರೆಯಲ್ಲಿ ಕೂರಿಸಿ, ಹತ್ತಿರ ಬರಬೇಡ ಎಂದು ಆಣೆ ಹಾಕಿಸಿಕೊಂಡ. ಅತ್ತೆಗೂ ಬೇಡ ಎಂದ. ಅತ್ತೆ ಕೇಳಲಿಲ್ಲ. ಗಂಜಿ ಕಾಯಿಸಿಕೊಂಡು ಒಳಗೆ ಹೋದಳು, ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆದರೂ ಮಾತಾಡಲಿಲ್ಲ. ಒಳಗಿನಿಂದಲೇ ಕೂಗಿದಳು: “ಗೌರೀ, ನಿಮ್ಮವ್ವಗೆ ಬಾಯಿ ತೆಗೆ ಅಂತ ಹೇಳೇ!” ನಾನು ಬಂಡೆಯ ಮರೆಯಿಂದ ಕೂಗುತ್ತಿದ್ದೆ: “ಅವ್ವಾ, ಬಾಯಿ ತೆಗೆ!” ಸ್ವಲ್ಪ ಹೊತ್ತಿಗೆ ಮತ್ತೆ: “ಕಣ್ಣು ಮುಚ್ಚಬ್ಯಾಡ ಅಂತ ಹೇಳೇ!” ನಾನು ಅದನ್ನೂ ಕೂಗಿದೆ. ಮಾರನೆಯ ಮಧ್ಯಾಹ್ನ ಅವ್ವನ ದನಿ ಕೇಳಿಸಿತು, ತೆಳ್ಳಗೆ, ಬಹಳ ದೂರದಿಂದ ಬಂದ ಹಾಗೆ. “ಗೌರೀ, ನಿಮ್ಮತ್ತೆಗೆ ಹೇಳು...” ನಾನು ಕಿವಿಗೊಟ್ಟು ನಿಂತೆ. ಏನು ಹೇಳಬೇಕು ಎನ್ನುವುದು ಬರಲೇ ಇಲ್ಲ. ಸೋಗೆಯ ಮೇಲೆ ಗಾಳಿ ಆಡುವ ಸದ್ದು, ಆಮೇಲೆ ಅತ್ತೆಯ ಅಳು.

ಹೆಣವನ್ನು ಊರ ಕಡೆಗೆ ಒಯ್ಯುವಂತಿರಲಿಲ್ಲ. ನಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅದಕ್ಕೆ ಆಳದ ಗುಣಿ ಬೇಕು, ಆ ಓರೆಯಲ್ಲಿ ಆಳ ಎಲ್ಲಿಂದ ಬರಬೇಕು? ಅಪ್ಪ ಗುಡಿಸಲಿನ ಪಕ್ಕ ಅಗೆದ, ಮೊಳ ಇಳಿಯುವಷ್ಟರಲ್ಲಿ ಹಾರೆ ಠಣ್ ಎಂದಿತು. ಸ್ವಲ್ಪ ಕೆಳಗೆ ಅಗೆದ, ಅಲ್ಲಿಯೂ ಠಣ್ ಎಂದಿತು. ಇಡೀ ಗುಡ್ಡ ಅವ್ವನಿಗೆ ಬಾಗಿಲು ಹಾಕಿಕೊಂಡ ಹಾಗಿತ್ತು. ಹೊತ್ತು ಇಳಿಯುತ್ತಿತ್ತು. ಮೂರನೆಯ ಕಡೆಯೂ ಬಂಡೆ ಸಿಕ್ಕಾಗ ಅಪ್ಪ ಹಾರೆಯನ್ನು ಬಿಸಾಡಿ ನೆಲಕ್ಕೆ ಕುಂತು, “ನನ್ನ ಹೆಂಡ್ತಿಗೆ ಮಣ್ಣಿಲ್ಲೇನಕ್ಕಾ ಈ ಭೂಮೀಲಿ?” ಎಂದು ಮಗುವಿನ ಹಾಗೆ ಅತ್ತ. ಅತ್ತೆ ಹಾರೆ ಎತ್ತಿಕೊಂಡು ಓರೆಯ ಮೇಲೆ ನಡೆದಳು. ಅಲ್ಲಲ್ಲಿ ನೆಲಕ್ಕೆ ಕುಟ್ಟುವಳು, ಕೇಳುವಳು, ಮುಂದೆ ಹೋಗುವಳು. ಒಂದು ದೊಡ್ಡ ಗುಂಡುಕಲ್ಲಿನ ಬುಡದಲ್ಲಿ ಹಾರೆ ಸದ್ದು ಮಾಡದೆ ಇಳಿಯಿತು. “ಇಲ್ಲಿ ಕಲ್ಲು ಕೊಳೆತೈತೆ. ಬಾರಪ್ಪ, ತೋಡಾಣ” ಎಂದಳು.

ಕೊಳೆತ ಕಲ್ಲು ಎಂದರೆ ನೋಡಲು ಕಲ್ಲೇ. ಬಂಡೆಯ ಬಣ್ಣ, ಬಂಡೆಯ ಗೆರೆ ಎಲ್ಲವೂ ಹಾಗೆಯೇ ಇರುತ್ತದೆ. ಮುಟ್ಟಿ ಅದುಮಿದರೆ ಹಳೆಯ ಬೆಲ್ಲದ ಹಾಗೆ ಪುಡಿಯಾಗುತ್ತದೆ. ಅಕ್ಕ ತಮ್ಮ ಇಬ್ಬರೂ ಸೇರಿ ತೋಡಿದರು. ಸಂಸ್ಕಾರ ಮಾಡಿಸುವ ಅಯ್ಯನವರು ಬೇನೆಗೆ ಹೆದರಿ ಬಂದಿರಲಿಲ್ಲ. ಅತ್ತೆಯೇ ಅವ್ವನ ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು, ಬೆರಳು ಮಡಿಸಿದಳು. ನಾನು ದೂರದಿಂದಲೇ ಒಂದು ಹಿಡಿ ಗರಸು ಎಸೆದೆ. ಅದು ಗುಣಿಯವರೆಗೂ ಹೋಗಲಿಲ್ಲ.

ಬೇನೆ ಇಳಿದ ಮೇಲೆ ಜನ ಊರಿಗೆ ಮರಳಿದರು. ಅಪ್ಪ ನನ್ನ ಕೈ ಹಿಡಿದುಕೊಂಡು ಹೊರಟ. ಅತ್ತೆ ಬರಲಿಲ್ಲ, ಗುಡಿಸಲಲ್ಲೇ ಉಳಿದಳು. ಮುಂಗಾರು ಶುರುವಾಗಿತ್ತು, ಒಂದೊಂದು ಮಳೆಗೂ ಗುಣಿಯ ಮೇಲಿನ ಮಣ್ಣು ಕೆಳಗೆ ಜಾರುತ್ತಿತ್ತು. ಮಳೆ ನಿಂತ ತಕ್ಷಣ ಅತ್ತೆ ಕೆಳಗಿಳಿದು, ಹರಿದುಹೋದ ಗರಸನ್ನು ಪುಟ್ಟಿಗೆ ಬಳಿದು, ಹೊತ್ತು ಮೇಲೆ ತಂದು ಸುರಿಯುತ್ತಿದ್ದಳು. “ಮನೆಗೆ ಬಾರಕ್ಕ, ಜನ ಆಡ್ಕಂತಾರೆ” ಎಂದು ಅಪ್ಪ ಕರೆದ. “ಆಡ್ಕಳ್ಳಿ ಬಿಡಪ್ಪ. ಈ ಮಣ್ಣು ನಿಲ್ಲಲ್ಲ. ನಾನು ಬಂದ್ರೆ ಅವ್ಳು ಬಯಲಾಗ್ತಾಳೆ” ಎಂದಳು. ಆಮೇಲೆ ಗುಣಿಯ ಕೆಳಗೆ ಕಲ್ಲು ಜೋಡಿಸಿ ಒಡ್ಡು ಕಟ್ಟತೊಡಗಿದಳು. ಮೊಣಕಾಲೆತ್ತರ, ಆಮೇಲೆ ಸೊಂಟದೆತ್ತರ. ಗುಡ್ಡದಿಂದ ಇಳಿದು ಬಂದದ್ದೆಲ್ಲ ಆ ಒಡ್ಡಿನ ಹಿಂದೆ ನಿಲ್ಲತೊಡಗಿತು. ಮಳೆಗಾಲ ಮಳೆಗಾಲಕ್ಕೂ ಅಲ್ಲೊಂದು ಮಟ್ಟಸವಾದ ತುಂಡು ನೆಲ ಹುಟ್ಟಿಕೊಂಡಿತು. ಅದರಲ್ಲಿ ಹುರುಳಿ ಚೆಲ್ಲಿದಳು.

ನಾನು ದಿನವೂ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಅತ್ತೆ ಬುತ್ತಿ ಬಿಚ್ಚುತ್ತ, ತಲೆ ಎತ್ತದೆ, ಎಂದಿನ ದನಿಯಲ್ಲೇ ಅಂದಳು: “ಗೌರಿ, ನಿಮ್ಮವ್ವಗೆ ಹೇಳು, ಹುರುಳಿ ಮೊಳೆತೈತೆ.” ನಾನು ಅವಳ ಮುಖ ನೋಡಿದೆ. ಅವಳು ಕೈಯಿಂದ ಗುಂಡಿನ ಕಡೆ ತೋರಿಸಿದಳು. ನಾನು ಹೋದೆ. ಗುಂಡಿನ ನೆರಳು ತಣ್ಣಗಿತ್ತು. “ಅವ್ವಾ, ಹುರುಳಿ ಮೊಳೆತೈತಂತೆ” ಎಂದೆ. ಉತ್ತರಕ್ಕೆ ಕಾದೆ, ಮಕ್ಕಳು ಕಾಯುವ ಹಾಗೆ, ನಿಜವಾಗಿಯೂ ಕಾದೆ. ಆಮೇಲೆ ಅದು ನನ್ನ ದಿನದ ಕೆಲಸವಾಯಿತು. ಎಮ್ಮೆ ಈದದ್ದು, ಬಾವಿ ಬತ್ತಿದ್ದು, ಅಪ್ಪನಿಗೆ ಕೆಮ್ಮು ಬಂದದ್ದು ಎಲ್ಲವನ್ನೂ ಒಯ್ದು ಒಪ್ಪಿಸಿದೆ. ಹೇಳಿ ಮರಳಿದ ಮೇಲೆ ಅತ್ತೆ ಕೆಲವು ಸಲ ಕೇಳುವಳು: “ಅವತ್ತು ನನಗೆ ಏನು ಹೇಳು ಅಂದ್ಲೇ?” “ನಿಮ್ಮತ್ತೆಗೆ ಹೇಳು” ಎನ್ನುವವರೆಗೆ ಮಾತ್ರ ನನಗೆ ಗೊತ್ತಿತ್ತು. ಒಮ್ಮೆ ನಾನು ಏನೋ ಹೊಂದಿಸಿ ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. “ಗೊತ್ತಿಲ್ದಿದ್ರೆ ಬಿಡು ಮಗಳೆ. ನನ್ನ ಸಮಾಧಾನಕ್ಕೆ ಅವ್ಳ ಬಾಯಾಗೆ ಮಾತು ತುರುಕಬ್ಯಾಡ.”

ನನಗೆ ಮದುವೆ ಗೊತ್ತಾಗಿ ಹೊರಡುವ ದಿನ ಅತ್ತೆ ನನ್ನನ್ನು ಓರೆಗೆ ಕರೆದುಕೊಂಡು ಹೋದಳು. ಎಂದಿನಂತೆ ಏನಾದರೂ ಹೇಳಿ ಕಳಿಸುತ್ತಾಳೆ ಎಂದು ನಾನು ನಿಂತೆ. ಅವಳು ಕಳಿಸಲಿಲ್ಲ. ತಾನೇ ಗುಂಡಿನ ಬುಡಕ್ಕೆ ಹೋಗಿ, ಸೆರಗು ಹೊದ್ದು ನಿಂತಳು. “ಗಂಗವ್ವಾ” ಎಂದಳು. ನನ್ನ ಹುಟ್ಟಿನಿಂದ ಅಲ್ಲಿಯವರೆಗೆ ಆ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. “ಮಗಳು ಗಂಡನ ಮನೆಗೆ ಹೊಂಟಾಳೆ. ಆ ಮಣ್ಣು ಇವಳಿಗೆ ದಕ್ಲಿ ಅಂತ ಹರಸು. ನನಗೆ ನೀನೇನೂ ಹೇಳದಿದ್ರೂ ಆತು.” ಮತ್ತೆ ನನ್ನ ಕಡೆ ನೋಡದೆ ಸೊಪ್ಪು ಕೀಳಲು ಬಾಗಿದಳು.

ಅತ್ತೆ ತೀರಿಕೊಂಡದ್ದು ಅದಾಗಿ ಕೆಲವು ವರ್ಷಗಳ ಮೇಲೆ. ನಾನು ಕೈಗೂಸು ಎತ್ತಿಕೊಂಡು ಗಾಡಿಯಲ್ಲಿ ಮಣ್ಣು ಮಾಡುವ ಹೊತ್ತಿಗೆ ಬಂದು ಸೇರಿದೆ. ಅವಳನ್ನು ಒಡ್ಡಿನ ಹಿಂದೆ, ಅವಳೇ ನಿಲ್ಲಿಸಿದ ನೆಲದಲ್ಲಿ ಇಟ್ಟರು. ಅಲ್ಲಿ ಗುದ್ದಲಿ ಕೇಳಿದಷ್ಟು ಆಳ ನೆಲ ಕೊಟ್ಟಿತು, ಹಾರೆ ಬೇಕಾಗಲಿಲ್ಲ. ಅಪ್ಪನೂ ಹೋದ ಮೇಲೆ ಹೊಲ ದಾಯಾದಿಗಳ ಕೈಸೇರಿತು. ಮನೆ ಬಿತ್ತು. ನನಗೆ ಅಲ್ಲಿಗೆ ಹೋಗಲು ಕಾರಣವೇ ಉಳಿಯಲಿಲ್ಲ.

ಬಹಳ ಕಾಲದ ಮೇಲೆ, ಮುದುಕಿಯಾಗಿ, ಒಂದು ಸಲ ಹೋದೆ. ಮದಕರಿಪುರದಲ್ಲಿ ಇಳಿದು ಮಗನ ಕೈ ಹಿಡಿದು ನಡೆದೆ. ಓರೆ ಇರಲಿಲ್ಲ. ಹೆದ್ದಾರಿಗೆ ಹಾಸಲು ಗರಸು ಬೇಕೆಂದು ಗುತ್ತಿಗೆದಾರರು ಅದನ್ನು ಬುಡದಿಂದ ಕಡಿದು ಸಾಗಿಸುತ್ತಿದ್ದರು. ಒಡ್ಡಿನ ಕಲ್ಲುಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಗುಂಡು ಉರುಳಿ ಪಕ್ಕಕ್ಕೆ ಬಿದ್ದಿತ್ತು, ಹಿಂದೆ ಬತ್ತಲೆ ಬಂಡೆ ಬಿಸಿಲಿಗೆ ಹೊಳೆಯುತ್ತಿತ್ತು. ಅಗೆದ ಗುಂಡಿಯೊಳಗೆ ಹೆಂಗಸೊಬ್ಬಳು ಪುಟ್ಟಿಗೆ ಮಣ್ಣು ಬಳಿಯುತ್ತಿದ್ದಳು. ನಾನು ಅಂಚಿನಲ್ಲಿ ನಿಂತು ಕೇಳಿದೆ, “ಇಲ್ಲಿ ಅಗೀವಾಗ ಏನಾರ ಸಿಕ್ತೇನವ್ವ?”

ಅವಳು ಬೆವರು ಒರೆಸಿಕೊಂಡು ತಲೆ ಎತ್ತಿದಳು. “ಏನೂ ಇಲ್ಲ ಕಣಜ್ಜಿ, ಬರೀ ಗರಸು” ಎಂದಳು. ಆಮೇಲೆ ನನ್ನ ಮುಖದಲ್ಲಿ ಏನು ಕಂಡಳೋ, ಸ್ವಲ್ಪ ಮೆತ್ತಗಾಗಿ, “ಬಲು ಒಳ್ಳೆ ಗರಸು” ಎಂದಳು.

ಗರಸು ತುಂಬಿದ ಗಾಡಿಯೊಂದು ಹೆದ್ದಾರಿಯ ಕಡೆಗೆ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನಾನು ನಿಂತೇ ಇದ್ದೆ.