ಮಸಿಯಪ್ಪನ ತಗಡಿನ ಮೂಲೆ

ನಮ್ಮ ದೊಡ್ಡಪ್ಪನನ್ನು ಬಂದರಿನಲ್ಲಿ ಎಲ್ಲರೂ ಮಸಿಯಪ್ಪ ಎಂದೇ ಕರೆಯುತ್ತಿದ್ದರು. ಹಡಗು ಹತ್ತುವ ಪೆಟ್ಟಿಗೆಗಳ ಮೇಲೆ ಗುರುತು ಹಾಕುವುದು ಅವರ ಕೆಲಸ. ವಜ್ರದ ಆಕಾರದಲ್ಲಿ ಸೀಳಿದ ಅಚ್ಚಿನ ತಗಡನ್ನು ಪೆಟ್ಟಿಗೆಗೆ ಒತ್ತಿಹಿಡಿದು, ಮೊಂಡು ಕುಂಚದಿಂದ ಕಪ್ಪು ಬಣ್ಣ ಕುಟ್ಟುತ್ತಿದ್ದರು. ತಗಡು ತೆಗೆದರೆ ಚೌಕಟ್ಟು ಮೂಡಿರುತ್ತಿತ್ತು. ಅದರೊಳಗೆ ಸರಕಿನ ಒಡೆಯರ ಗುರುತನ್ನು ಕೈಯಿಂದಲೇ ಬರೆಯುತ್ತಿದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಇನ್ನೂರಕ್ಕೂ ಹೆಚ್ಚು ಒಡೆಯರ ಗುರುತುಗಳು ಅವರ ಮನಸ್ಸಿನಲ್ಲಿದ್ದವು. ಮೂವತ್ತೊಂದು ವರ್ಷದಲ್ಲಿ ತಮ್ಮ ಒಂದು ಗುರುತೂ ಕೆಟ್ಟಿಲ್ಲ ಎನ್ನುವುದು ಅವರ ಹೆಮ್ಮೆ. ಊಟಕ್ಕೆ ಕುಳಿತಾಗಲೂ ಅದೇ ಮಾತು.

"ಉಗುರಿನ ಮಸಿ ಮೊದಲು ತೊಳೀರಿ, ಆಮೇಲೆ ಹೆಮ್ಮೆ ಪಡೀರಂತೆ," ಎನ್ನುತ್ತಿದ್ದರು ದೊಡ್ಡಮ್ಮ.

ಯುದ್ಧ ಶುರುವಾಗುವ ಮೂರು ದಿನ ಮೊದಲು ಒಂದು ಹಡಗು ಹೊರಟಿತು. ಅದರಲ್ಲಿ ನಲವತ್ತೆರಡು ಪೆಟ್ಟಿಗೆ ಹೊಲಿಗೆ ದಾರವಿತ್ತು. ಆರು ಹೆಂಗಸರನ್ನಿಟ್ಟುಕೊಂಡು ದಾರದ ಕಾರ್ಖಾನೆ ನಡೆಸುತ್ತಿದ್ದ ಒಬ್ಬಾಕೆ ಅದನ್ನು ಊರಿನಲ್ಲೇ ಇದ್ದ ಪರದೇಶದ ವ್ಯಾಪಾರಿಯಿಂದ ಕೊಂಡು, ಹೊರಗೆ ಮಾರಲು ಕಳಿಸಿದ್ದರು. ಎಲ್ಲರೂ ಅವರನ್ನು ದಾರದಮ್ಮ ಎನ್ನುತ್ತಿದ್ದರು. ಹಡಗಿನಲ್ಲಿ ಜಾಗವನ್ನು ವ್ಯಾಪಾರಿಯೇ ಮೊದಲು ಹಿಡಿದಿದ್ದರಿಂದ ಹಡಗಿನ ಕಾಗದದಲ್ಲಿ ಅವನ ಹೆಸರೇ ಉಳಿದಿತ್ತು. ಯುದ್ಧ ಘೋಷಣೆಯಾಗಿ ಅವನ ದೇಶ ಶತ್ರುದೇಶವಾಯಿತು. ನಮ್ಮ ನೌಕಾಪಡೆ ಹಡಗನ್ನು ತಡೆದು ಇದೇ ಬಂದರಿಗೆ ವಾಪಸು ತಂದಿತು.

ಕಾನೂನು ಹೀಗಿತ್ತು: ಶತ್ರುವಿನ ಸರಕಾದರೆ ಜಪ್ತಿ. ಯುದ್ಧ ಶುರುವಾದ ಮೇಲೆ, ಸರಕು ಸಮುದ್ರದಲ್ಲಿದ್ದಾಗ ಮಾರಿದ್ದರೆ ಆ ಮಾರಾಟ ಲೆಕ್ಕಕ್ಕಿಲ್ಲ. ದಾರದಮ್ಮ ಹಳೆಯ ತಾರೀಖಿನ ಕ್ರಯಪತ್ರ ತೋರಿಸಿದರು. "ಇಂಥ ಪತ್ರ ಈಗ ಎಲ್ಲರ ಹತ್ತಿರವೂ ಇದೆಯಮ್ಮ," ಎಂದರಂತೆ ವಿಚಾರಣೆಯ ಅಧಿಕಾರಿ. ಪೆಟ್ಟಿಗೆಗಳ ಮೇಲೆ ಆಕೆಯ ದಾರದುಂಡೆಯ ಗುರುತು ಇತ್ತು, ನಿಜ. ಆದರೆ ವಾಪಸು ಬಂದ ಪೆಟ್ಟಿಗೆಗಳು ಮೂರು ವಾರ ಬಂದರಿನ ಶೆಡ್ಡಿನಲ್ಲಿ ಕಾವಲಿಲ್ಲದೆ ಕುಳಿತಿದ್ದವು. ಗುರುತನ್ನು ಆಮೇಲೆ ಹಾಕಿಸಿರಬಹುದು ಎನ್ನುವುದು ಅವರ ಅನುಮಾನ.

ದಾರದಮ್ಮ ಮನೆಗೇ ಬಂದರು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತರು.

"ಅಣ್ಣಾ, ಹಡಗು ಹೊರಡೋ ಮೊದಲೇ ಗುರುತು ಹಾಕಿದ್ದು ನೀವೇ ತಾನೆ? ಅಷ್ಟು ಬಂದು ಹೇಳಿ. ಸರಕು ಹೋದರೆ ನಾನು ಬಾಗಿಲು ಹಾಕಬೇಕು. ಆರು ಜನ ಹೆಣ್ಣುಮಕ್ಕಳು ನನ್ನ ಮುಖ ನೋಡ್ತಿದ್ದಾರೆ."

"ಹೇಳ್ತೀನಮ್ಮ. ಆದ್ರೆ ಬರೀ ಬಾಯಿಮಾತು ಯಾರು ನಂಬ್ತಾರೆ?" ಎಂದರು ದೊಡ್ಡಪ್ಪ.

ಆಕೆ ಹೋದ ಮೇಲೆ ಅವರು ಉಣ್ಣಲಿಲ್ಲ. ಬಾಯಿಮಾತಲ್ಲದೆ ಬೇರೊಂದು ಸಾಕ್ಷಿಯೂ ಇತ್ತು. ಅದು ಅವರೊಬ್ಬರಿಗೇ ಗೊತ್ತಿತ್ತು.

ಹಡಗು ಹೊರಟ ನಾಲ್ಕನೆಯ ದಿನ ಮಧ್ಯಾಹ್ನ, ಅದು ವಾಪಸು ಬರುವ ಮೊದಲೇ, ಅವರು ತಗಡನ್ನು ನೆಲದ ಮೇಲಿಟ್ಟು ನೀರು ಕುಡಿಯಲು ಹೋಗಿದ್ದರು. ನೆಲಕ್ಕೆ ಇಡಬಾರದೆಂಬುದು ಶೆಡ್ಡಿನ ಕಟ್ಟುನಿಟ್ಟು. ಅಷ್ಟರಲ್ಲಿ ಭಾರದ ಗಾಡಿಯ ಚಕ್ರ ತಗಡಿನ ಮೇಲೆ ಹರಿಯಿತು. ಕೆಳಮೂಲೆ ಜಜ್ಜಿ ಸೀಳು ಮುಚ್ಚಿಕೊಂಡಿತು. ಹಳೆಯ ತಗಡು, ಬಿಡಿಸಹೋದರೆ ಮುರಿಯುವಂತಿತ್ತು. ಕೆಟ್ಟ ತಗಡನ್ನು ಒಪ್ಪಿಸದೆ ಬಳಸಿದವನ ಕೈಯಿಂದ ಕುಂಚ ಕಿತ್ತುಕೊಳ್ಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸೂಪರ್‌ವೈಸರ್ ಕೇಳಿದಾಗ "ಏನೂ ಆಗಿಲ್ಲ ಸಾರ್" ಎಂದುಬಿಟ್ಟರು. ಅಂದಿನಿಂದ ಅಚ್ಚು ಒತ್ತಿ, ಮೂಡದ ಮೂಲೆಯನ್ನು ಸಣ್ಣ ಕುಂಚದಿಂದ ತಾವೇ ತುಂಬುತ್ತಿದ್ದರು. ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಸುಮ್ಮನಿದ್ದರೆ ನೌಕರಿಯ ಇನ್ನೆರಡು ವರ್ಷ ಮರ್ಯಾದೆಯಿಂದ ಕಳೀತದೆ," ಎಂದರು ದೊಡ್ಡಮ್ಮನ ಹತ್ತಿರ.

"ಕಳೀತದೆ. ಆಕೆ ಎದುರಿಗೆ ಸಿಕ್ಕಾಗ ಮುಖ ಎಲ್ಲಿಟ್ಟುಕೊಳ್ತೀರಿ?"

ಮರುದಿನ ವಿಚಾರಣೆ ಶೆಡ್ಡಿನಲ್ಲೇ ನಡೆಯಿತು. ದೊಡ್ಡಪ್ಪ ಅಧಿಕಾರಿಯನ್ನು ಮೊದಲು ಸೋಪಿನ ಪೆಟ್ಟಿಗೆಗಳ ಹತ್ತಿರ ಕರೆದುಕೊಂಡು ಹೋದರು. ತಗಡು ಜಜ್ಜಿದ ದಿನವೇ ಗುರುತು ಹಾಕಿದ ಪೆಟ್ಟಿಗೆಗಳವು. ಹಡಗು ಸಿಗದೆ ಅಲ್ಲೇ ಕುಳಿತಿದ್ದವು, ಒಂದೊಂದರ ಮೇಲೂ ತಾರೀಖಿನ ಚೀಟಿ ಇತ್ತು.

"ಬುದ್ಧೀ, ಈ ಸಾಲು ಬೆಳಗ್ಗೆ ಹಾಕಿದ್ದು, ಆ ಸಾಲು ಮಧ್ಯಾಹ್ನದ ಮೇಲೆ. ಕೆಳಮೂಲೆ ನೋಡಿ. ಕುಟ್ಟಿದ ಬಣ್ಣ ಚುಕ್ಕಿ ಚುಕ್ಕಿಯಾಗಿರ್ತದೆ. ಎಳೆದ ಬಣ್ಣ ಗೆರೆ ಗೆರೆ. ಮಧ್ಯಾಹ್ನದ ಮೇಲೆ ಎಲ್ಲಾ ಮೂಲೆ ನಾನು ಕೈಯಿಂದ ಎಳೆದಿದ್ದು."

"ಯಾಕೆ?"

ದೊಡ್ಡಪ್ಪ ಚೀಲದಿಂದ ತಗಡು ತೆಗೆದು ಕೊಟ್ಟರು. ಜಜ್ಜಿದ ಮೂಲೆಯ ಮೇಲೆ ಹೆಬ್ಬೆರಳಿಟ್ಟು, "ನನ್ನ ತಪ್ಪು. ಮುಚ್ಚಿಟ್ಟಿದ್ದೆ," ಎಂದರು.

ಅಧಿಕಾರಿ ಸೂಪರ್‌ವೈಸರ್ ಕಡೆ ತಿರುಗಿದರು. "ಬೇರೆ ತಗಡು ಇದೆಯೇನ್ರಿ?"

"ಇಲ್ಲ ಸಾರ್, ಇರೋದೊಂದೇ," ಎಂದ ಅವನು, ದೊಡ್ಡಪ್ಪನನ್ನು ದುರುಗುಟ್ಟಿ ನೋಡುತ್ತಾ. "ಮೂವತ್ತು ವರ್ಷ ನಮ್ಮ ಕಣ್ಣಿಗೆ ಮಸಿ ಬಳಿದೆಯಲ್ಲೋ ಮಸಿಯಪ್ಪ!"

"ಮೂವತ್ತು ವರ್ಷ ಅಲ್ಲ ಸಾರ್. ಬರೀ ಒಂದು ತಿಂಗಳು."

ಅಧಿಕಾರಿಯೂ ನಕ್ಕುಬಿಟ್ಟರು. ಆಮೇಲೆ ಅವರೇ ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ದಾರದ ಪೆಟ್ಟಿಗೆಗಳ ಕೆಳಮೂಲೆಯನ್ನು ಒಂದೊಂದಾಗಿ ನೋಡುತ್ತಾ ಹೋದರು. ಗುರುತು ಉಳಿದಿದ್ದವೆಲ್ಲ ಚುಕ್ಕಿ. ಖಾಲಿ ಚೌಕಟ್ಟಿನ ಪೆಟ್ಟಿಗೆ ಹಡಗು ಹತ್ತುವುದಿಲ್ಲ, ಒಳಗೆ ಬೇರೆ ಗುರುತು ಅಳಿಸಿದ ಕಲೆಯೂ ಇರಲಿಲ್ಲ. ಹಡಗು ಹೊರಡುವ ಮೊದಲೇ ಸರಕು ದಾರದಮ್ಮನದಾಗಿತ್ತು ಎಂದು ಬರೆಸಿದರು. ಮೂರು ಪೆಟ್ಟಿಗೆಗಳ ಗುರುತು ಮಾತ್ರ ಉಪ್ಪುನೀರು ತಾಗಿ ಅಳಿಸಿಹೋಗಿತ್ತು. ಗುರುತಿಲ್ಲದ ಮೇಲೆ ಕಾಗದದಲ್ಲಿದ್ದವನೇ ಒಡೆಯ ಎಂದು ಅವನ್ನು ಹರಾಜಿಗೆ ಹಾಕಿದರು.

ದೊಡ್ಡಪ್ಪನ ಕುಂಚ ಹೋಯಿತು. ಉಳಿದ ಎರಡು ವರ್ಷ ಅವರು ಹಗ್ಗದ ಕೋಣೆಯಲ್ಲಿ ಹರಿದ ಹಗ್ಗ ಹೆಣೆದರು. ಅದಕ್ಕಾಗಿ ಅವರು ಕೊರಗಿದ್ದನ್ನು ನಾನು ನೋಡಲಿಲ್ಲ. ದಾರದಮ್ಮ ಒಮ್ಮೆ ಅಲ್ಲಿಗೇ ಬಂದು, "ನಿಮ್ಮಿಂದ ಆರು ಮನೆ ಉಳೀತು ಅಣ್ಣಾ," ಎಂದರು. ದೊಡ್ಡಪ್ಪ ತಲೆಯೆತ್ತದೆ ಹಗ್ಗದ ಎಳೆ ಬಿಗಿಯುತ್ತಾ ಹೇಳಿದರು:

"ಆ ಮೂರು ಪೆಟ್ಟಿಗೇನೂ ಉಳೀಬೇಕಾಗಿತ್ತಮ್ಮ. ಗುರುತು ಹಾಕಿದ ಸಂಜೆ ಬಣ್ಣದ ಡಬ್ಬಿ ತಳ ಮುಟ್ಟಿತ್ತು. ಕೊನೇ ಮೂರಕ್ಕೆ ಎಣ್ಣೆ ಬೆರೆಸಿ ಬಣ್ಣ ತೆಳು ಮಾಡಿದ್ದೆ."